ಶುದ್ಧಪ್ರತಿಯಲ್ಲಿ ಬಿಟ್ಟುಹೋದ ಹಾಲು

ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಆಸ್ಪತ್ರೆಯ ಆಹಾರ ತಜ್ಞೆ ಆ ನೋಟ್‌ಬುಕ್ಕನ್ನು ಎರಡನೇ ಸಲ ಓದಿ ಮುಗಿಸಿದರು. ಮೂವತ್ತು ದಿನಗಳ ಊಟದ ದಾಖಲೆ. ಮೊದಲ ದಿನದ ಒಂದು ಲೋಟ ಹಾಲು ಬಿಟ್ಟರೆ ಅನುಮಾನಿಸುವಂಥದ್ದು ಏನೂ ಇರಲಿಲ್ಲ. ಹೊಟ್ಟೆ ಕೆಟ್ಟ ದಿನಗಳು ಮಾತ್ರ ಹತ್ತೊಂಬತ್ತು.

ಎದುರು ಕುಳಿತಿದ್ದವರು ಪತ್ರಿಕೆಯೊಂದರಲ್ಲಿ ಇಪ್ಪತ್ತಾರು ವರ್ಷದಿಂದ ಕರಡು ತಿದ್ದುವವರು. ನಾಲ್ಕು ವರ್ಷದಿಂದ ಕರುಳಿನ ಉರಿಯೂತ. ಮಾತ್ರೆಗಳಿಂದ ಉರಿಯೂತ ತಗ್ಗಿದೆ ಎಂದು ಕಳೆದ ತಿಂಗಳ ತಪಾಸಣೆ ಹೇಳಿತ್ತು. ಹೊಟ್ಟೆಯುಬ್ಬರ, ಶೌಚಾಲಯಕ್ಕೆ ಓಟ ಎರಡೂ ನಿಂತಿರಲಿಲ್ಲ. ಮಗಳು ಹೆತ್ತು ಎರಡು ತಿಂಗಳಾಗಿತ್ತು. ಮೊಮ್ಮಗಳನ್ನು ನೋಡಬೇಕೆಂದರೆ ಬಸ್ಸಿನಲ್ಲಿ ಆರು ಗಂಟೆ. ಎರಡು ಸಲ ಟಿಕೆಟ್ ರದ್ದಾಗಿತ್ತು. ಮನೆಯಿಂದ ಕಚೇರಿಯವರೆಗಿನ ಶೌಚಾಲಯಗಳನ್ನು ಅವರು ಬಾಯಿಪಾಠ ಹೇಳಬಲ್ಲರು, ಹೆದ್ದಾರಿಯವು ಗೊತ್ತಿರಲಿಲ್ಲ.

ಈ ಕಾಯಿಲೆಗೆ ಎಲ್ಲರಿಗೂ ಒಪ್ಪುವ ಒಂದೇ ಪಥ್ಯವಿಲ್ಲ, ಅದಕ್ಕೇ ದಾಖಲೆ ಬೇಕು ಎಂದ ತಜ್ಞೆ, ಇಷ್ಟು ಅಚ್ಚುಕಟ್ಟಾದ ಪುಸ್ತಕ ತಾವು ನೋಡಿಯೇ ಇಲ್ಲ ಎಂದರು. ಕಚ್ಚಾ ಪ್ರತಿ ಬೇರೆ ಇತ್ತು, ಇದು ಶುದ್ಧಪ್ರತಿ ಎಂದು ಕರಡು ತಿದ್ದುವವರು ಬೀಗಿದರು. ಪಕ್ಕದಲ್ಲಿದ್ದ ಹೆಂಡತಿ ಪುಸ್ತಕ ಎಳೆದುಕೊಂಡು ಪುಟ ತಿರುವಿದರು.

“ರೀ, ಹಾಲು ಒಂದೇ ದಿನ ಇದೆಯಲ್ಲ. ದಿನಾ ಮೂರು ಲೋಟ ಕಾಯಿಸಿ ಕೊಟ್ಟಿದ್ದೆ. ಉಳಿದಿದ್ದೆಲ್ಲ ಬೆಕ್ಕು ಕುಡೀತಾ?”

“ದಿನಾ ಅದೇ ಅದೇ ಬರ್ತಿತ್ತು ಕಣೇ. ಪುನರುಕ್ತಿ ಅಂತ ಹೊಡೆದುಹಾಕ್ದೆ.”

“ಭಾಷಣದಲ್ಲಿ ಹೊಡೀರಿ ಪುನರುಕ್ತೀನ. ಹೊಟ್ಟೆಗೆ ಇಳಿದ ಮೇಲೆ ಹೊಡೆದರೆ ಏನು ಬಂತು?”

ತಜ್ಞೆ ನಗು ನುಂಗಿಕೊಂಡು, ಮೂರು ವಾರ ಹಾಲು ನಿಲ್ಲಿಸಿ ನೋಡಲು ಹೇಳಿದರು. ಮಾತ್ರೆ ಒಂದನ್ನೂ ಬಿಡುವಂತಿಲ್ಲ. ಬೇರೇನನ್ನೂ ಬದಲಿಸುವಂತಿಲ್ಲ; ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಬರೆಯುವ ಕೆಲಸ ಹೆಂಡತಿಗೆ ವರ್ಗವಾಯಿತು.

ಮೂರನೇ ವಾರದ ಪುಟಗಳಲ್ಲಿ ಕೆಟ್ಟ ದಿನ ಒಂದೇ. ಕಾಗುಣಿತದ ತಪ್ಪು ನಾಲ್ಕು. ಅವರು ಕೆಂಪು ಪೆನ್ನು ತೆಗೆದರು, ಹೆಂಡತಿಯ ಮುಖ ನೋಡಿದರು, ಪೆನ್ನನ್ನು ಜೇಬಿಗೆ ಹಾಕಿಕೊಂಡರು.

ಮುಂದಿನ ಭಾನುವಾರ ಬೆಳಿಗ್ಗೆ ಏಳರ ಬಸ್ಸು ಹತ್ತಿದರು. ದಾರಿಯಲ್ಲಿ ಒಮ್ಮೆ ಮಾತ್ರ ಇಳಿದರು, ಅದೂ ಎಲ್ಲರೂ ಇಳಿದಾಗ. ಮಧ್ಯಾಹ್ನ ಒಂದೂವರೆಗೆ ಮೊಮ್ಮಗಳು ಅವರ ಇಸ್ತ್ರಿ ಮಾಡಿದ ಅಂಗಿಯ ಮೇಲೆ ಹಾಲು ಕಕ್ಕಿದಳು.