ರೈಲ್ವೆ ಗೇಟಿನ ಆಚೆ

"ಇನ್ಮೇಲೆ 'ಅದು ನಮ್ಮ ಸರಹದ್ದಲ್ಲ' ಅನ್ನೋ ಮಾತು ಈ ಠಾಣೇಲಿ ಯಾರ ಬಾಯಿಂದಲೂ ಬರಕೂಡದು," ಎಂದು ಇನ್ಸ್‌ಪೆಕ್ಟರ್ ಮೇಡಂ ಸುತ್ತೋಲೆಯನ್ನು ಮೇಜಿನ ಮೇಲಿಟ್ಟು ತಲೆಯೆತ್ತಿದಾಗ, ಸಾಲಾಗಿ ನಿಂತಿದ್ದ ಒಂಬತ್ತು ಜನವೂ ಒಟ್ಟಿಗೆ ರೈಟರ್ ಕಡೆ ತಿರುಗಿದರು.

ರೈಟರ್ ಕಿವಿ ಕೆಂಪಾಯಿತು. ಠಾಣೆಯ ದೂರು, ವರದಿ, ಕಾಗದಪತ್ರವೆಲ್ಲ ಬರೆದಿಡುವ ಕೆಲಸ ಅವರದು. ಇಪ್ಪತ್ತೆಂಟು ವರ್ಷದ ಸರ್ವಿಸು. ಎದುರಿಗೆ ಎಲ್ಲರೂ 'ರೈಟರ್ ಸಾಹೇಬ್ರೆ' ಅನ್ನುತ್ತಿದ್ದರು, ಬೆನ್ನ ಹಿಂದೆ 'ಸರಹದ್ದಪ್ಪ'. ಯಾವ ಮೋರಿಯ ಈಚೆಗೆ ಕಳ್ಳತನವಾದರೆ ಯಾವ ಠಾಣೆ, ಯಾವ ಗೋಡೆಯ ಆಚೆಗೆ ಜಗಳವಾದರೆ ಯಾವ ಠಾಣೆ ಎಂಬುದು ಅವರಿಗೆ ನಿದ್ದೆಯಲ್ಲೂ ಬಾಯಿಪಾಠ. ಗೋಡೆಯ ಮೇಲಿನ ನಕ್ಷೆಗೆ ಕೆಂಪು ಗೆರೆ ಎಳೆದವರೂ ಅವರೇ. ಗೆರೆ ರೈಲ್ವೆ ಗೇಟಿನವರೆಗೆ ಬಂದು ನಿಲ್ಲುತ್ತಿತ್ತು. ಗೇಟಿನ ಆಚೆ ರೈಲ್ವೆ ಪೊಲೀಸರ ರಾಜ್ಯ.

ಈಗ ಕಾಯ್ದೆಗೆ ತಿದ್ದುಪಡಿಯಾಗಿತ್ತು. ದೂರು ಎಲ್ಲಿಯದೇ ಆದರೂ ಮೊದಲು ಬಂದ ಠಾಣೆ ಬರೆದುಕೊಳ್ಳಬೇಕು. ಜೀವಕ್ಕೆ ಅಪಾಯವಿದ್ದರೆ ಯಾವ ಪೊಲೀಸನಾದರೂ ಯಾರ ಸರಹದ್ದಿಗಾದರೂ ಕಾಲಿಡಬಹುದು. ಪಟ್ಟಣದವರೂ ರೈಲ್ವೆಯವರೂ ಸುದ್ದಿ ಹಂಚಿಕೊಂಡು, ಜಂಟಿಯಾಗಿ ವರದಿ ಬರೆದು ಇಬ್ಬರೂ ಸಹಿ ಹಾಕಬೇಕು.

"ಜಂಟಿಯಾಗಿ," ಎಂದು ಮೇಡಂ ರೈಟರ್ ಮುಖ ನೋಡಿಕೊಂಡೇ ಇನ್ನೊಮ್ಮೆ ಓದಿದರು.

ಮೇಡಂಗೂ ವಿಷಯ ಗೊತ್ತಿತ್ತು. ರೈಲ್ವೆ ಠಾಣೆಯ ಹೆಡ್ ಕಾನ್‌ಸ್ಟೇಬಲ್ಲು ರೈಟರ್‌ಗೆ ಷಡ್ಡಕನಾಗಬೇಕು. ಮನೆಯಾಕೆಯ ಸ್ವಂತ ತಂಗಿಯ ಗಂಡ. ನಾಲ್ಕು ವರ್ಷದ ಹಿಂದೆ ಗೇಟಿನ ಹತ್ತಿರ ಹಮಾಲನೊಬ್ಬ ಬಿದ್ದು ಕಾಲು ಮುರಿದುಕೊಂಡಿದ್ದ. ಬಿದ್ದದ್ದು ಈಚೆಗೋ ಆಚೆಗೋ ಎಂದು ಷಡ್ಡಕರಿಬ್ಬರೂ ಟೇಪು ಹಿಡಿದು ಅಳೆಯುತ್ತ ನಿಂತರು. ಅಳತೆ ಮುಗಿಯುವ ಹೊತ್ತಿಗೆ ಮುಕ್ಕಾಲು ಗಂಟೆಯಾಗಿತ್ತು. ಮೇಲಿನವರು ವಿಚಾರಣೆಗೆ ಕರೆದಾಗ ಇವರು ಅವನ ಮೇಲೆ, ಅವನು ಇವರ ಮೇಲೆ ಬರೆದುಕೊಟ್ಟರು. ಅವತ್ತಿನಿಂದ ಮಾತಿಲ್ಲ, ಕತೆಯಿಲ್ಲ. ಅಕ್ಕತಂಗಿಯರು ಮಾತ್ರ ಗಂಡಂದಿರು ಡ್ಯೂಟಿಗೆ ಹೋದ ಮೇಲೆ ಫೋನಿನಲ್ಲಿ ಗಂಟೆಗಟ್ಟಲೆ ಹರಟುತ್ತಿದ್ದರು. ಹಮಾಲ ಈಗಲೂ ಸಂತೆ ಬೀದಿಯಲ್ಲಿ ಕಾಲೆಳೆದುಕೊಂಡು ಓಡಾಡುತ್ತಿದ್ದ. ಅವನು ಎದುರಾದರೆ ರೈಟರ್ ರಸ್ತೆಯ ಮತ್ತೊಂದು ಬದಿಗೆ ದಾಟಿಬಿಡುತ್ತಿದ್ದರು.

ಅವತ್ತೇ ಹನ್ನೊಂದು ಗಂಟೆಗೆ ಹೆಂಗಸೊಬ್ಬಳು ಏದುಸಿರು ಬಿಡುತ್ತ ಬಂದಳು. ಕತ್ತಿನಲ್ಲಿ ಅಳತೆಯ ಪಟ್ಟಿ ಹಾಗೇ ನೇತಾಡುತ್ತಿತ್ತು, ಬಟ್ಟೆ ಹೊಲಿಯುವವಳು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಮೊದ್ಲೇ ಕೇಳ್ಬಿಡ್ತೀನಿ ಸಾರ್. ನಮ್ಮಮ್ಮ ಕಾಣೆಯಾಗಿರೋದು ರೈಲ್ವೆ ಗೇಟಿನ ಹತ್ರ. ಅದು ನಿಮ್ಮ ಸರಹದ್ದಾ? ಅಲ್ಲ ಅಂದ್ರೆ ಈಗ್ಲೇ ಹೇಳಿ, ಹೊತ್ತು ಕಳೆಯೋದು ಬೇಡ."

ರೈಟರ್ ದೂರಿನ ಪುಸ್ತಕವನ್ನು ಹತ್ತಿರಕ್ಕೆ ಎಳೆದುಕೊಂಡರು. ಊರಿಗೆ ಊರೇ ಈ ಪ್ರಶ್ನೆಯನ್ನು ಕಲಿತುಬಿಟ್ಟಿದೆ. ಕಲಿಸಿದವರು ಯಾರು ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ.

"ಕೂತ್ಕೊಳಮ್ಮ," ಎಂದರು. "ವಯಸ್ಸೆಷ್ಟು ಅಮ್ಮಂಗೆ?"

ಎಂಬತ್ತೊಂದು. ನಲವತ್ತು ವರ್ಷ ಹೆರಿಗೆ ಆಸ್ಪತ್ರೆಯಲ್ಲಿ ನರ್ಸಾಗಿದ್ದವರು. ಈಚೆಗೆ ಮರೆವು. ಬೆಳಿಗ್ಗೆ ಎದ್ದರೆ ಯಾರಿಗೋ ನೋವು ಶುರುವಾಗಿದೆ, ಕರೆ ಬಂದಿದೆ ಎಂದು ಚೀಲ ಹಿಡಿದು ಹೊರಡುತ್ತಾರೆ. ಮಗಳು ದಿನಾ ಬಾಗಿಲಲ್ಲೇ ತಡೆಯುತ್ತಿದ್ದಳು. ಇವತ್ತು ಗಿರಾಕಿಯ ತೋಳಿನ ಅಳತೆ ತೆಗೆದುಕೊಂಡು ತಿರುಗುವಷ್ಟರಲ್ಲಿ ಅಮ್ಮ ಇಲ್ಲ. ರೈಲ್ವೆ ಗೇಟಿನ ಹತ್ತಿರ ನೋಡಿದ್ದಾಗಿ ಪಕ್ಕದ ಮನೆಯವರು ಹೇಳಿದರಂತೆ.

ರೈಟರ್ ಬರೆದು ಮುಗಿಸಿ ಫೋನಿನ ಕಡೆ ನೋಡಿದರು. ಗೋಡೆಯ ಮೇಲಿದ್ದ ರೈಲ್ವೆ ಠಾಣೆಯ ನಂಬರನ್ನು ನಾಲ್ಕು ವರ್ಷದ ಹಿಂದೆ ಅವರೇ ಕೆರೆದು ಹಾಕಿದ್ದರು. ಕೊನೆಗೆ ಮನೆಗೆ ಫೋನು ಮಾಡಿದರು.

"ನಿನ್ನ ತಂಗಿ ಗಂಡನ ನಂಬರ್ ಕೊಡು."

"ಅಯ್ಯೋ, ಯಾರಿಗೇನಾಯ್ತು?"

"ಯಾರಿಗೂ ಏನೂ ಆಗಿಲ್ಲ. ಕಾನೂನು ಬದಲಾಗಿದೆ."

ಆ ಕಡೆ ಹೆಂಡತಿ ನಕ್ಕಳೋ ಅತ್ತಳೋ ತಿಳಿಯಲಿಲ್ಲ. ನಂಬರನ್ನಂತೂ ಒಂದೇ ಉಸಿರಿಗೆ ಹೇಳಿದಳು.

"ರೈಲ್ವೆ ಠಾಣೆಯಾ? ಪಟ್ಟಣ ಠಾಣೆ ರೈಟರ್ ಮಾತಾಡ್ತಿರೋದು."

"ಹೇಳಿ," ಎಂದಿತು ಪರಿಚಿತ ಒರಟು ದನಿ.

ಹೇಳಿದರು. ನೀಲಿ ಚೀಲ, ಬಿಳಿ ಸೀರೆ, ಸಣ್ಣ ಆಳು. ಷಡ್ಡಕ ಟಿಕೆಟ್ ಕೊಡುವವನನ್ನು ವಿಚಾರಿಸಿ, ಪ್ಯಾಸೆಂಜರ್ ಗಾಡಿಯ ಗಾರ್ಡನ್ನು ವೈರ್‌ಲೆಸ್ಸಿನಲ್ಲಿ ಹಿಡಿದು, ಹತ್ತು ನಿಮಿಷದಲ್ಲಿ ತಿರುಗಿ ಫೋನು ಮಾಡಿದ. ಈ ಸಲ ದನಿಯಲ್ಲಿ ಬಿಗುವಿರಲಿಲ್ಲ.

"ಮೂರನೇ ನಿಲ್ದಾಣದಲ್ಲಿ ಇಳಿದಿದಾರೆ ಅಣ್ಣ. ಅಲ್ಲಿ ನಮ್ಮೋರು ಯಾರೂ ಇರಲ್ಲ. ಹನ್ನೆರಡೂವರೆಗೆ ಎಕ್ಸ್‌ಪ್ರೆಸ್ ಬರುತ್ತೆ, ನಿಲ್ಲೋದೂ ಇಲ್ಲ, ನಿಧಾನ ಮಾಡೋದೂ ಇಲ್ಲ. ಅಜ್ಜಿ ಹಳಿ ಮೇಲೆ ಏನಾದ್ರೂ ಇಳಿದ್ರೆ... ನನ್ನತ್ರ ಜೀಪಿಲ್ಲ."

"ಗೇಟಿಗೆ ಬಂದು ನಿಂತ್ಕೊ," ಎಂದರು ರೈಟರ್.

ಮೇಡಂ ಡ್ರೈವರ್ ಕಡೆಗೆ ಜೀಪಿನ ಕೀ ಎಸೆದರು. ಹೊಲಿಗೆಯವಳು ಮುಂದೆ ಕೂತಳು, ರೈಟರ್ ಹಿಂದೆ. ಗೇಟಿನ ಹತ್ತಿರ ಡ್ರೈವರ್ ತಾನಾಗಿಯೇ ಜೀಪು ತಿರುಗಿಸತೊಡಗಿದ.

"ಯಾಕಯ್ಯ?"

"ಅಭ್ಯಾಸ ಸಾರ್. ಇಲ್ಲಿಂದಾಚೆ ನಾವು ಹೋಗೇ ಇಲ್ವಲ್ಲ!"

ಷಡ್ಡಕ ಹತ್ತಿ ಎದುರಿನ ಸೀಟಿನಲ್ಲಿ ಕೂತ. ತಲೆ ಅರ್ಧ ನರೆತಿತ್ತು. ಮೊಣಕಾಲಿಗೆ ಮೊಣಕಾಲು ತಗುಲುವಷ್ಟು ಇಕ್ಕಟ್ಟು. ಇಬ್ಬರೂ ಹೊರಗೆ ನೋಡುತ್ತಿದ್ದರು. ಹಳಿಯ ಪಕ್ಕದ ಗುಂಡಿ ರಸ್ತೆಯಲ್ಲಿ ಜೀಪು ಎಗರೆಗರಿ ಬಿದ್ದಾಗಲೆಲ್ಲ ಒಬ್ಬರನ್ನೊಬ್ಬರು ಹಿಡಿದುಕೊಂಡು, ಮತ್ತೆ ಬಿಟ್ಟುಬಿಡುತ್ತಿದ್ದರು. ಹೊಲಿಗೆಯವಳು ಗಡಿಯಾರದ ಮೇಲಿಂದ ಕಣ್ಣು ತೆಗೆಯಲೇ ಇಲ್ಲ.

ಅವರು ಮುಟ್ಟಿದಾಗ ಎಕ್ಸ್‌ಪ್ರೆಸ್ಸಿಗೆ ಆರು ನಿಮಿಷವಿತ್ತು. ಅಜ್ಜಿ ಪ್ಲಾಟ್‌ಫಾರ್ಮಿನ ಅಂಚಿನಲ್ಲಿ, ಆ ಬದಿಯ ಕಾಯುವ ಕೋಣೆಗೆ ದಾಟುವುದಕ್ಕೆ ಒಂದು ಕಾಲು ಕೆಳಗಿಟ್ಟಿದ್ದರು. ಷಡ್ಡಕ ಜೀಪು ನಿಲ್ಲುವ ಮೊದಲೇ ಹಾರಿ ಓಡಿದ. ರೈಟರ್ ತಮ್ಮ ಹೊಟ್ಟೆ ಹೊತ್ತುಕೊಂಡು ಹಿಂದೆಯೇ ಓಡಿದರು. ಒಬ್ಬ ಬಲಗೈ, ಒಬ್ಬರು ಎಡಗೈ ಹಿಡಿದರು.

"ಬಿಡ್ರಯ್ಯ! ಅಲ್ಲಿ ಬಸುರಿ ಒದ್ದಾಡ್ತಿದಾಳೆ," ಎಂದು ಅಜ್ಜಿ ಗದರಿದರು.

"ಅಲ್ಲಲ್ಲ ಅಮ್ಮ, ಈ ಕಡೆ ಕೋಣೆಗೆ ಕರ್ಕೊಂಡ್ ಬಂದಿದೀವಿ," ಎಂದ ಷಡ್ಡಕ ಹಿಂದುಮುಂದು ನೋಡದೆ.

ಅಜ್ಜಿ ಖಾಲಿ ಕೋಣೆಯೊಳಗೆ ಹೋದರು. ಮಗಳೂ ಹೋದಳು. "ಗಂಡಸರು ಹೊರಗೆ!" ಎಂದು ಬಾಗಿಲು ಮುಚ್ಚಿಕೊಂಡಿತು. ಎಕ್ಸ್‌ಪ್ರೆಸ್ ನೆಲ ನಡುಗಿಸುತ್ತ ಹಾದುಹೋಯಿತು. ಇಬ್ಬರೂ ಹೊರಗಿನ ಬೆಂಚಿನ ಮೇಲೆ ಕುಸಿದರು.

ಸ್ವಲ್ಪ ಹೊತ್ತಿಗೆ ಬಾಗಿಲು ಒಂದಿಷ್ಟೇ ತೆರೆದು ಮಗಳು ಪಿಸುಗುಟ್ಟಿದಳು: "ಹೆರಿಗೆ ಆಗೋವರೆಗೂ ಬರಲ್ಲ ಅಂತಿದಾರೆ ಸಾರ್. ಬಿಸಿನೀರು ಬೇಕಂತೆ."

ಷಡ್ಡಕ ರಸ್ತೆಯಾಚೆಯ ಟೀ ಅಂಗಡಿಯಿಂದ ಒಂದು ಪಾತ್ರೆ ಬಿಸಿನೀರು ತಂದುಕೊಟ್ಟು, ರೈಟರ್ ಕೈಗೂ ಒಂದು ಲೋಟ ಟೀ ಇಟ್ಟ. ಸಕ್ಕರೆ ಇಲ್ಲದ್ದು. ರೈಟರ್‌ಗೆ ಸಕ್ಕರೆ ಕಾಯಿಲೆ ಬಂದು ಎರಡೇ ವರ್ಷವಾಗಿತ್ತು.

"ನಿಂಗ್ಯಾರು ಹೇಳಿದ್ದು?"

"ನಮ್ಮನೇಲಿ ದಿನಾ ರಾತ್ರಿ ಊಟಕ್ಕೆ ನಿಮ್ದೇ ಸುದ್ದಿ ಅಣ್ಣ."

ರೈಟರ್ ಟೀ ಕುಡಿದರು. "ಆ ಹಮಾಲ..." ಎಂದು ಶುರುಮಾಡಿ ಲೋಟವನ್ನು ಬೆಂಚಿನ ಮೇಲಿಟ್ಟರು. "ಅವನು ಬಿದ್ದಿದ್ದು ಈಚೆಗೇ ಕಣಯ್ಯ. ಎರಡು ಗೇಣು ಈಚೆಗೆ. ನಂಗೆ ಗೊತ್ತಿತ್ತು."

"ಅಳೆಯೋದು ಬಿಟ್ಟು ಎತ್ಕೊಂಡು ಹೋಗೋಕೆ ನಂಗೇನು ಬಂದಿತ್ತು ರೋಗ?" ಎಂದ ಷಡ್ಡಕ. "ನಾನೂ ಟೇಪಿನ ಇನ್ನೊಂದು ತುದಿ ಹಿಡ್ಕೊಂಡೇ ನಿಂತಿದ್ನಲ್ಲ."

ಬಾಗಿಲು ತೆರೆಯಿತು. ಅಜ್ಜಿ ಬೆವರಿದ್ದರು. ಎದೆಗವಚಿಕೊಂಡಿದ್ದ ಟವೆಲಿನ ಸುರುಳಿಯನ್ನು ಎಷ್ಟು ಜೋಪಾನವಾಗಿ ಹಿಡಿದಿದ್ದರೆಂದರೆ ಷಡ್ಡಕ ತಾನೇ ಟೋಪಿ ತೆಗೆದ.

"ಹೆಣ್ಣು ಮಗು. ತಾಯಿ ಹುಷಾರಾಗಿದಾಳೆ. ನಿಮ್ಮಲ್ಲಿ ಯಾರದು?"

ಮಗಳು ಮುಖ ಮುಚ್ಚಿಕೊಂಡಳು. ರೈಟರ್ ಎದ್ದು ನಿಂತು ಎರಡೂ ಕೈ ಚಾಚಿದರು.

"ನಮ್ದೇ ಅಮ್ಮ," ಎಂದರು. "ಕೊಡಿ."

"ಕತ್ತಿನ ಕೆಳಗೆ ಕೈ ಕೊಡು, ಬೆಪ್ಪೇ," ಎಂದರು ಅಜ್ಜಿ. ಅವರು ಕೈ ಕೊಟ್ಟರು.

ವಾಪಸು ಬರುವಾಗ ಅಜ್ಜಿ ಹಿಂದಿನ ಸೀಟಿನಲ್ಲಿ ರೈಟರ್ ಪಕ್ಕ ಕೂತರು. ಎದುರಿಗೆ ಷಡ್ಡಕ ಟವೆಲನ್ನು ಮಡಿಲಲ್ಲಿಟ್ಟುಕೊಂಡು, ಗುಂಡಿ ಬಂದಾಗಲೆಲ್ಲ ಡ್ರೈವರ್‌ನನ್ನು ಬಯ್ಯುತ್ತಿದ್ದ. ಗಾಳಿಗೆ ಅಜ್ಜಿಯ ಕಣ್ಣು ಮುಚ್ಚಿಕೊಳ್ಳುತ್ತಿತ್ತು. ನಿದ್ದೆಗೆ ಜಾರುತ್ತಲೇ ಅವರು ಕೈ ಚಾಚಿ ರೈಟರ್ ಮಣಿಕಟ್ಟನ್ನು ಹಿಡಿದು, ಎರಡು ಬೆರಳನ್ನು ನಾಡಿಯ ಮೇಲೆ ಇಟ್ಟರು. ತುಟಿ ಸಣ್ಣಗೆ ಎಣಿಸುತ್ತಿತ್ತು. ರೈಟರ್ ಕೈ ಅಲುಗಿಸಲಿಲ್ಲ.