ಕಟ್ಟಿಹಾಕಿದ ಗುಂಡಿ

"ಏ ಶರಣವ್ವ, ಆ ಮೋಟುಗೈ ಸೆರಗಿನ್ಯಾಗ ಮುಚ್ಗೊಂಡ ಕುಂದ್ರ ಅಂತ ಎಷ್ಟ ಸಲ ಬಡ್ಕೋಬೇಕ? ವೋಟ್ ಹಾಕಾಕ ಹೊಂಟೀಯೋ, ಭಿಕ್ಷಾ ಬೇಡಾಕ ಹೊಂಟೀಯೋ, ರಂಡೆ?"

ಶರಣಮ್ಮ ಎಡಗೈಯನ್ನು ಒಳಗೆಳೆದುಕೊಂಡಳು. ಟೆಂಪೋದಲ್ಲಿದ್ದ ಹದಿನೆಂಟು ಹೆಂಗಸರಲ್ಲಿ ಒಬ್ಬಳೂ ತಲೆ ಎತ್ತಲಿಲ್ಲ. ಪುಣೆ ಹತ್ತಿರದ ಚಾಕಣದ ಕಾರ್ಖಾನೆಗೆ ಕನ್ನಡ ಸೀಮೆಯಿಂದ ಆಳು ಒದಗಿಸುವ ಗುತ್ತಿಗೆದಾರ ಈ ಮಧುಕರ. ಗೇಟ್ ಪಾಸು ಅವನ ಕೈಯಲ್ಲಿ, ಮಲಗುವ ತಗಡಿನ ಖೋಲಿ ಅವನದು, ಆ ಖೋಲಿಯ ವಿಳಾಸಕ್ಕೆ ಇಷ್ಟೂ ಜನರ ವೋಟರ್ ಕಾರ್ಡ್ ಮಾಡಿಸಿದವನೂ ಅವನೇ. ಕಾರ್ಡುಗಳು ಅವನ ಕಪಾಟಿನಲ್ಲಿರುತ್ತವೆ. ಚುನಾವಣೆಯ ದಿನ ಹೊರಬಂದು ಸಂಜೆಯೊಳಗೆ ಮತ್ತೆ ಒಳಗೆ ಹೋಗುತ್ತವೆ. ಪುಣ್ಯಾತ್ಮ, ಒಂದನ್ನೂ ಕಳೆದಿಲ್ಲ.

"ಎರಡನೇ ಗುಂಡಿ. ಮರೀಬ್ಯಾಡ್ರಿ," ಎಂದ.

"ಯಾರದರೀ ಅದು?" ಶರಣಮ್ಮನ ಪಕ್ಕ ಕೂತಿದ್ದ ಗೆಳತಿ ರಂಗೂಬಾಯಿ ಕೇಳಿದಳು.

"ಮಾಲಕರ ಮಂದೀದು. ಹೆಸರ ತಗೊಂಡ ಮೊಮ್ಮಗಗ ಇಡಾಕಿಯೇನ?"

ಮತಗಟ್ಟೆಯಾಗಿದ್ದ ಶಾಲೆಯಲ್ಲಿ ಸರತಿ ಬೇಗ ಸಾಗಿತು. ಶಾಯಿ ಹಚ್ಚುವ ಮೇಡಂ ಎಡಗೈ ಚಾಚಲು ಹೇಳಿದಳು. ತೋರುಬೆರಳಿಲ್ಲ, ನಡುಬೆರಳಿಲ್ಲ. ಆಕೆ ಒಂದು ಕ್ಷಣ ತಡೆದು, ಉಂಗುರದ ಬೆರಳಿಗೆ ಹಚ್ಚಿ, ಏನಾಯಿತೆಂದು ಮರಾಠಿಯಲ್ಲಿ ಕೇಳಿದಳು.

"ಘರೀ. ಮಿಕ್ಸರ್."

ಉತ್ತರ ತಾನಾಗಿ ಬಂತು. ಮನೆಯಲ್ಲಿ ಕೈ ಮಿಕ್ಸರಿಗೆ ಸಿಕ್ಕಿತು ಎಂದು ಆಸ್ಪತ್ರೆಯ ಕಾಗದದಲ್ಲಿ ಬರೆಸಿ ಹೆಬ್ಬೆಟ್ಟು ಒತ್ತಿಸಿದವನು ಮಧುಕರ. ಬೇರೆ ಮಾತಾಡಿದರೆ ಪಾಸೂ ಇಲ್ಲ, ಖೋಲಿಯೂ ಇಲ್ಲ ಎಂದಿದ್ದ.

ಕಾರ್ಖಾನೆಯಲ್ಲಿ ತಗಡು ಅಚ್ಚೊತ್ತುವ ನಾಲ್ಕನೇ ಪ್ರೆಸ್ಸಿಗೆ ಎರಡು ಗುಂಡಿ. ಎರಡನ್ನೂ ಎರಡು ಕೈಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ಅಚ್ಚು ಬೀಳಬೇಕು. ಆಗ ಕೈ ಒಳಗಿರುವುದಿಲ್ಲ. ಹಾಗೆ ಮಾಡಿದರೆ ತಾಸಿಗೆ ಇನ್ನೂರು ಪೀಸು. ಸೂಪರ್ವೈಸರ್ ಎಡಗಡೆಯ ಗುಂಡಿಯನ್ನು ಅರಿವೆಯಿಂದ ಬಿಗಿದು ಕಟ್ಟಿಸಿದ. ಬಲಗೈ ಗುಂಡಿ ಒತ್ತಿತು, ಎಡಗೈ ತಗಡು ಇಟ್ಟಿತು, ಪೀಸು ಮುನ್ನೂರೈವತ್ತಾಯಿತು. ಐದು ತಿಂಗಳ ಹಿಂದೆ ಒಂದು ಸಲ ಎಡಗೈ ತಡವಾಯಿತು, ಅಷ್ಟೇ.

ರಟ್ಟಿನ ಮರೆಯಲ್ಲಿ ನಿಂತು ಶರಣಮ್ಮ ಬಲಗೈಯಿಂದ ಎರಡನೇ ಗುಂಡಿ ಒತ್ತಿದಳು. ಒತ್ತಿದ ಕೂಡಲೇ ಎಡಗೈ ಸರಕ್ಕನೆ ಬೆನ್ನ ಹಿಂದೆ ಹೋಯಿತು. ಮಷೀನು ಕೂಗಿ ಮುಗಿದರೂ ಕೈ ಅಲ್ಲೇ ಇತ್ತು. ಇದೇನು ಕಡಿಯುವ ಮಷೀನಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಸಿಟ್ಟು ಬರಲಿಲ್ಲ, ಅಳುವೂ ಬರಲಿಲ್ಲ.

ಶಾಲೆಯ ಗೇಟಿನಾಚೆ ರಸ್ತೆಯಲ್ಲಿ ಕಂಪನಿಯವರು ಬ್ಯಾನರು ಹಿಡಿದಿದ್ದರು: ನಮ್ಮಲ್ಲಿ ನೂರಕ್ಕೆ ನೂರು ಮತದಾನ. ಮಧುಕರ ಪ್ಲಾಸ್ಟಿಕ್ ಚೀಲ ಒಡ್ಡಿ ಕಾರ್ಡುಗಳನ್ನು ಹಾಕಿಸಿಕೊಳ್ಳುತ್ತಿದ್ದ. ಟಿವಿ ಚಾನೆಲ್ಲಿನ ಹುಡುಗಿ ಶರಣಮ್ಮನತ್ತ ಮೈಕು ಚಾಚಿ ಹೇಗನಿಸಿತೆಂದಳು.

"ಛಾನ್ ವಾಟಲಂ." ಚೆನ್ನಾಗನಿಸಿತು, ಮಧುಕರ ಹೇಳಿಕೊಟ್ಟಿದ್ದೇ ಅದು.

ಶಾಯಿ ತೋರಿಸಲು ಎತ್ತಿದ ಕೈಯ ಮೇಲೆ ಹುಡುಗಿಯ ಕಣ್ಣು ನಿಂತಿತು. "ಮಾವಶೀ, ಬೋಟಂ?" ಬೆರಳುಗಳಿಗೆ ಏನಾಯಿತೆಂದು ಕೇಳಿದಳು.

ಮಧುಕರ ನಗುತ್ತ ಅಡ್ಡ ಬಂದ. "ಘರೀ. ಮಿಕ್ಸರ್ ಮಧೇ."

"ಖೋಟಂ," ಎಂದಳು ಶರಣಮ್ಮ.

ಸುಳ್ಳು ಎಂಬ ಆ ಮರಾಠಿ ಮಾತು ತನ್ನ ಬಾಯಿಂದಲೇ ಬಂದದ್ದು ಅವಳಿಗೆ ಆಮೇಲೆ ತಿಳಿಯಿತು. ಮುಂದಿನದಕ್ಕೆ ಮರಾಠಿ ಸಾಲಲಿಲ್ಲ. "ನಾಕನೇ ಪ್ರೆಸ್ಸು. ಎಡಗಡೀ ಗುಂಡಿ ಅರಬೀಲೆ ಕಟ್ಟಿದ್ರು. ಇವತ್ತೂ ಹಂಗೇ ಕಟ್ಟ್ಯಾರ."

ಹುಡುಗಿಗೆ ಅರ್ಥವಾಗಲಿಲ್ಲ. ಮಧುಕರ ಚೀಲವನ್ನು ಶರಣಮ್ಮನ ಮುಖಕ್ಕೆ ಒಡ್ಡಿದ. "ಬೋಸಡೇ, ಕಾರ್ಡ್ ಹಾಕ. ಪಾಸ್ ಮರತಬಿಡ. ಖೋಲ್ಯಾಗಿನ ಗಂಟು ರಸ್ತೇದಾಗ ಇರ್ತದ."

ಅವಳು ಕಾರ್ಡನ್ನು ಕುಪ್ಪಸದೊಳಗೆ ತುರುಕಿಕೊಂಡಳು.

ಅಷ್ಟರಲ್ಲಿ ಹಿಂದಿನಿಂದ ರಂಗೂಬಾಯಿ ಮುಂದೆ ಬಂದಳು. ಯಾರ ಮುಖವನ್ನೂ ನೋಡದೆ, ನೆಲ ನೋಡುತ್ತ, ಗೆಳತಿಯ ಮಾತನ್ನು ಒಂದೊಂದಾಗಿ ಮರಾಠಿಯಲ್ಲಿ ಹೇಳತೊಡಗಿದಳು. ಮಧುಕರ ಅವಳ ರಟ್ಟೆ ಹಿಡಿದು ಜಗ್ಗಿದ. ಅವಳು ನಿಲ್ಲಿಸಲಿಲ್ಲ.