ಪತ್ರಿಕೆಯಲ್ಲಿ ನಕ್ಕ ಅತ್ತಿಗೆ

ಬೀದಿಗೆಲ್ಲ ಅವಳು ದರ್ಜಿ ಅತ್ತಿಗೆ. ಅವಳಿಗೆ ಸ್ತನ ಕ್ಯಾನ್ಸರ್ ಎಂದು ತಿಳಿದ ದಿನ ಅವಳಿಗಿಂತ ಹೆಚ್ಚು ಅತ್ತವಳು ನಾದಿನಿ. ನಾದಿನಿ ನೋಡುವ ಧಾರಾವಾಹಿಗಳಲ್ಲಿ ಈ ಕಾಯಿಲೆ ಬಂದವರು ಯಾರೂ ನಾಲ್ಕು ಕಂತು ದಾಟಿ ಬದುಕಿರಲಿಲ್ಲ. ಗಿರಾಕಿಗಳೂ ಹೊಸ ಬಟ್ಟೆ ಕೊಡುವುದನ್ನು ಬಿಟ್ಟರು, ಹೊಲಿದು ಮುಗಿಸುವಷ್ಟು ದಿನ ಇವಳು ಇರುವುದೇ ಅನುಮಾನ ಎಂಬಂತೆ.

ಚಿಕಿತ್ಸೆಯ ನಡುವೆ ಒಂದು ದಿನ ಕ್ಯಾನ್ಸರ್ ರೋಗಿಗಳ ಬಗ್ಗೆ ಬರೆಯಲು ಆಸ್ಪತ್ರೆಗೆ ಪತ್ರಿಕೆಯ ವರದಿಗಾರ್ತಿ ಬಂದಳು. ಜೊತೆಗೆ ಬಂದಿದ್ದ ಫೋಟೋಗ್ರಾಫರ್ ಅತ್ತಿಗೆಯನ್ನು ಕಿಟಕಿಯ ಪಕ್ಕ ಕೂರಿಸಿದ.

"ನಗಬೇಡಿ ಮೇಡಂ. ಹೊರಗೆ ದೂರಕ್ಕೆ ನೋಡ್ತಾ ಇರಿ."

"ನಾನು ಕಿಟಕೀಲಿ ನೋಡೋದು ಬಟ್ಟೆ ಒಣಗಿದ್ಯಾ ಅಂತ. ದೂರದಲ್ಲಿ ಏನಪ್ಪಾ ಇದೆ?"

ವರದಿಗಾರ್ತಿಗೆ ನಗು ಬಂತು. "ಓದೋರ ಮನಸ್ಸು ಕರಗ್ಬೇಕಲ್ಲ, ಅಕ್ಕ."

"ಕರಗಿದೋರೆಲ್ಲ ನನ್ನ ಅಂಗಡಿಗೆ ಬರೋದೇ ಬಿಟ್ಟಿದಾರಮ್ಮ. ಫೋಟೋ ಬೇಕಂದ್ರೆ ಅಲ್ಲಿಗೇ ಬಾ. ಸಾವಿನ ಜೊತೆ ಹೋರಾಟ ಅಂತೆಲ್ಲ ಬರೀಬೇಡ."

"ಮತ್ತೇನಂತ ಬರೀಲಿ?"

"ಔಷಧಿ ತಗೊಳ್ತಾಳೆ, ಬಟ್ಟೆ ಹೊಲೀತಾಳೆ, ಸುಸ್ತಾದ್ರೆ ಮಲಗ್ತಾಳೆ ಅಂತ. ಇರೋದೇ ಅಷ್ಟು."

ವರದಿಗಾರ್ತಿ ಅಷ್ಟನ್ನೇ ಬರೆದಳು. ಮುಂದಿನ ವಾರ ಪತ್ರಿಕೆಯ ಅರ್ಧ ಪುಟ ತುಂಬಿದ್ದು ಹೊಲಿಗೆ ಯಂತ್ರದ ಮುಂದೆ ಕೂತ ಅತ್ತಿಗೆ: ಬೋಳುತಲೆ, ಕೊರಳಲ್ಲಿ ಅಳತೆ ಟೇಪು, ಬಾಯಿ ತುಂಬ ನಗು.

ಅದೇ ದಿನ ಮಧ್ಯಾಹ್ನ ನಾದಿನಿ ಅಂಗಡಿಗೆ ಬಂದು ಬಾಗಿಲು ಮುಂದೆ ಮಾಡಿದಳು.

"ಅತ್ತಿಗೆ, ನಂಗೂ ಎದೇಲಿ ಒಂದು ಗಂಟಿದೆ. ಎರಡು ತಿಂಗಳಾಯ್ತು."

"ಬಾಯಿ ಬಿಡಬಾರದಿತ್ತಾ?"

"ಗೊತ್ತಾದ್ರೆ ಅಲ್ಲಿಗೆ ಮುಗೀತು ಅಂತ ಹೆದರ್ಕೊಂಡಿದ್ದೆ. ಇವತ್ತು ಪೇಪರಲ್ಲಿ ನಿಮ್ಮ ಮುಖ ನೋಡ್ದೆ. ದಿನಾ ನೋಡೋ ಮುಖಾನೇ. ಆದ್ರೂ ಅಲ್ಲಿ ನೋಡಿದ್ಮೇಲೆ ಧೈರ್ಯ ಬಂತು."

"ಮನೇಲಿ ನಾನು ಗಂಟಲು ಹರ್ಕೊಂಡ್ರೂ ಕೇಳಲ್ಲ, ಪೇಪರ್ ಹೇಳಿದ್ರೆ ಕೇಳ್ತೀಯ! ನಡಿ ಆಸ್ಪತ್ರೆಗೆ, ಚಪ್ಪಲಿ ಹಾಕ್ಕೋ." ಬೈಯುತ್ತಲೇ ಅತ್ತಿಗೆ ಅವಳನ್ನು ತಬ್ಬಿಕೊಂಡಳು. ಇಬ್ಬರ ಕಣ್ಣೂ ತುಂಬಿದ್ದವು.

ಅದೂ ಕ್ಯಾನ್ಸರೇ ಆಗಿತ್ತು. ಆದರೆ ತೀರಾ ಸಣ್ಣದು. "ಈಗಲೇ ಬಂದಿದ್ದು ಒಳ್ಳೇದಾಯ್ತು, ಪೂರ್ತಿ ತೆಗೆದುಬಿಡ್ತೀವಿ" ಎಂದರು ಡಾಕ್ಟರು. ಹಾಗೆಯೇ ತೆಗೆದರು.

ಅತ್ತಿಗೆಯ ಚಿಕಿತ್ಸೆ ಮುಗಿದ ತಿಂಗಳು ಇಬ್ಬರೂ ಒಟ್ಟಿಗೆ ತಪಾಸಣೆಗೆ ಹೋದರು. ಇಬ್ಬರ ದೇಹದಲ್ಲೂ ರೋಗದ ಸುಳಿವಿರಲಿಲ್ಲ. ಹೊರಗೆ ಬೆಂಚಿನ ಮೇಲೆ ಹೆಂಗಸರು ಸಾಲಾಗಿ ಕೂತಿದ್ದರು. ಒಬ್ಬಳು ಅತ್ತಿಗೆಯನ್ನು ದಿಟ್ಟಿಸಿ, "ಪೇಪರಲ್ಲಿ ನಕ್ಕಿದ್ದು ನೀವೇ ಅಲ್ವಾ? ನಿಮ್ಮನ್ನ ನೋಡಿಯೇ ನಾನು ಪರೀಕ್ಷೆಗೆ ಬಂದೆ" ಎಂದಳು. ಪಕ್ಕದವಳು "ನಾನೂ" ಎಂದಳು. ಅವಳಾಚೆ ಇನ್ನೊಬ್ಬಳು ಸುಮ್ಮನೆ ಕೈ ಎತ್ತಿದಳು.

ಅತ್ತಿಗೆ ಒಬ್ಬೊಬ್ಬರ ಕೈಯನ್ನೂ ಹಿಡಿದು ನಕ್ಕಳು. ನಾದಿನಿ ಅಲ್ಲೇ ಜಾಗ ಮಾಡಿಕೊಂಡು ಕೂತು, "ನಂದೂ ಕೇಳಿ" ಎಂದು ಎತ್ತರದ ದನಿಯಲ್ಲಿ ಶುರು ಮಾಡಿದಳು.